ಕಡಜದ ಬಲಮಗ್ಗುಲು

ನಾನು ಬಸ್ಸಿನ ಡ್ರೈವರ್. ಇಪ್ಪತ್ತಾರು ವರ್ಷಗಳಿಂದ ಒಂದೇ ದಾರಿ, ಹದಿನೇಳು ನಿಲ್ದಾಣ. ನನ್ನ ಗಾಡಿ ಗಂಟೆಗೆ ನಲವತ್ತು ಕಿಲೋಮೀಟರ್ ದಾಟಿದ್ದು ಯಾವಾಗಲಾದರೂ ಇದ್ದರೆ ಅದು ಇಳಿಜಾರಿನ ತಪ್ಪೇ ಹೊರತು ನನ್ನದಲ್ಲ. ಡಿಪೋದಲ್ಲಿ ನನ್ನನ್ನು ಆಮೆ ಅಂತಲೇ ಕರೆಯುತ್ತಾರೆ. ಇಂಥವನ ಮನೆಯ ನಡುಕೋಣೆಯಲ್ಲಿ, ಗಾಜಿನ ಕಪಾಟಿನೊಳಗೆ, ರೇಸಿನ ಗಾಡಿಗಳು ಸಾಲಾಗಿ ನಿಂತಿವೆ. ಕಟ್ಟಿದವಳು ನನ್ನ ಹೆಂಡತಿ. ಹೋದ ವರ್ಷ ನಡೆದದ್ದನ್ನು ಹತ್ತಿರದಿಂದ ನೋಡಿದವನು ನಾನು. ಬೇರೆ ಯಾರಾದರೂ ಹೇಳಿ ಕೆಡಿಸುವ ಮೊದಲು ನಾನೇ ಹೇಳಿಬಿಡುತ್ತೇನೆ.

ಅವಳ ಕೆಲಸ ಹಲ್ಲು ಕಟ್ಟುವುದು. ದಂತವೈದ್ಯರ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಮೆಟ್ಟಿಲ ಕೆಳಗಿರುವ ಒಂದೇ ಕಿಟಕಿಯ ಕೋಣೆ ಅವಳದು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕೊಟ್ಟರೆ ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಮಾಡುತ್ತಾಳೆ. ದವಡೆಯ ಮೇಲೆ ಮೇಣ ಕೂರಿಸಿ ಒಂದೊಂದೇ ಹಲ್ಲು ಜೋಡಿಸುತ್ತಾಳೆ. ಕೊನೆಗೆ ಮೇಣ ಕರಗಿಸಿ, ಆ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ, ಬಿಸಿನೀರಿನಲ್ಲಿ ಬೇಯಿಸಿ ಒಸಡು ಮಾಡುತ್ತಾಳೆ. ಊರಿನವರಿಗೆ ಅವಳು ಹಲ್ಲಕ್ಕ. ಮುಖ ಮರೆತರೂ ಹಲ್ಲು ಮರೆಯುವವಳಲ್ಲ. ರಜಾದಿನ ನನ್ನ ಬಸ್ಸು ಹತ್ತಿದರೆ ಹಿಂದಿನ ಸೀಟಿನಿಂದ ಬಗ್ಗಿ, “ಮೂರನೇ ಸಾಲಲ್ಲಿ ನಗ್ತಿದ್ದಾರಲ್ಲ, ಮೇಲಿನ ಸೆಟ್ಟು ನಂದು” ಎಂದು ನನ್ನ ಕಿವಿಯಲ್ಲಿ ಹೇಳುತ್ತಾಳೆ.

ಮೊದಲ ಗಾಡಿ ಬಂದದ್ದು ಡಾಕ್ಟರ ಕೈಯಿಂದ. ಅವರು ಯಾವುದೋ ಉತ್ಸಾಹದಲ್ಲಿ ಒಂದು ಪ್ಲಾಸ್ಟಿಕ್ ಕಿಟ್ ತರಿಸಿಕೊಂಡಿದ್ದರು. ಮೊದಲ ಸಂಜೆಯೇ ತಮ್ಮ ಹೆಬ್ಬೆರಳನ್ನು ಗಾಡಿಯ ಚಕ್ರಕ್ಕೆ ಅಂಟಿಸಿಕೊಂಡು, ಅದನ್ನು ಬಿಡಿಸಿಕೊಳ್ಳಲು ಇವಳ ಕೋಣೆಗೇ ಬಂದರು. ಮರುದಿನ ಡಬ್ಬ ತಂದು ಮೇಜಿನ ಮೇಲಿಟ್ಟು, “ಇದು ನನ್ನ ಕೈಗೆ ಬಗ್ಗೋದಲ್ಲ ಅಕ್ಕ, ನೀವೇ ನೋಡಿ” ಎಂದರಂತೆ. ಪ್ಲಾಸ್ಟರ್ ಗಟ್ಟಿಯಾಗುವ ತನಕ ಹೇಗೂ ಸುಮ್ಮನೆ ಕೂರಬೇಕು. ಡಬ್ಬದ ಮುಚ್ಚಳ ತೆಗೆದಳು.

ಆ ಸಂಜೆ ಅವಳು ಮನೆಗೆ ಬಂದದ್ದಲ್ಲ, ನುಗ್ಗಿದ್ದು.

“ಏನ್ರೀ, ಕೇಳಿ ಇಲ್ಲಿ! ತಿರುವೇ ಇಲ್ಲ!”

“ಯಾವುದಕ್ಕೆ?”

“ಈ ರೇಸಿಗೆ! ಡ್ರ್ಯಾಗ್ ರೇಸ್ ಅಂತೆ. ಎರಡೇ ಗಾಡಿ, ಪಕ್ಕಪಕ್ಕ, ನೆಟ್ಟಗೆ ನಾನೂರು ಮೀಟರು. ದೀಪ ಹಸಿರಾದ್ರೆ ಬಿಟ್ಟೋಡಬೇಕು. ಆರು ಸೆಕೆಂಡು, ಮುಗೀತು!”

“ಆರು ಸೆಕೆಂಡಲ್ಲಿ ನನ್ನ ಬಸ್ಸಿನ ಬಾಗಿಲೂ ಮುಚ್ಚಲ್ಲ” ಎಂದೆ.

“ಅಷ್ಟು ವೇಗಕ್ಕೆ ಬ್ರೇಕ್ ಸಾಲಲ್ವಂತೆ. ಹಿಂದೆ ಒಂದು ಪ್ಯಾರಾಚೂಟ್ ಬಿಚ್ಕೊಳ್ಳುತ್ತೆ! ಗಾಡಿ ನಿಲ್ಸೋಕೆ ಛತ್ರಿ ಕಣ್ರೀ, ಛತ್ರಿ!”

ಹೇಳುತ್ತ ಹೇಳುತ್ತ ಡಬ್ಬದೊಳಗಿನದನ್ನು ಊಟದ ಮೇಜಿನ ಮೇಲೆ ಹರಡಿದಳು. ಒಂದೊಂದು ಚೌಕಟ್ಟಿನಲ್ಲೂ ಬೆರಳುಗುರಿನಷ್ಟು ಚಿಕ್ಕ ಭಾಗಗಳು, ಕೊಂಬೆಗೆ ಕಾಯಿ ಕಚ್ಚಿದ ಹಾಗೆ. ಕೊಳವೆ, ಹಲ್ಲುಚಕ್ರ, ಸ್ಟಿಯರಿಂಗು. ನಿಜದ ಗಾಡಿಯ ಇಪ್ಪತ್ತೈದರಲ್ಲಿ ಒಂದು ಪಾಲಿನ ಅಳತೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಯಾರೂ ರೇಸಿನ ಗಾಡಿಯನ್ನು ಕಣ್ಣಾರೆ ಕಂಡವರಲ್ಲ. ಆದರೂ ಅವಳ ಕಣ್ಣು ಆ ತುಣುಕುಗಳ ಮೇಲೆ ಹೇಗೆ ಓಡಾಡಿತೆಂದರೆ, ಬಹಳ ದಿನದ ಮೇಲೆ ತವರಿನವರು ಬಂದು ಕೂತಂತಿತ್ತು.

ಎರಡು ವರ್ಷದಲ್ಲಿ ಒಂಬತ್ತು ಗಾಡಿ ಕಟ್ಟಿದಳು. ಹಲ್ಲಿಗೆ ಕೊಕ್ಕೆ ಮಾಡುವ ತಂತಿ ಇಂಜಿನ್ನಿನ ಪೈಪಾಯಿತು. ಹಲ್ಲು ತೀಡುವ ಪುಟ್ಟ ಮೋಟಾರು ಚಕ್ರ ತೀಡಿತು. ಈ ಗಾಡಿಗಳು ಮುಂದೆ ಕಡ್ಡಿಯಷ್ಟು ಸಣಕಲು, ಹಿಂದೆ ಎರಡು ದೊಡ್ಡ ಟೈರು. ನನ್ನ ಅಮ್ಮನಿಗೆ ಎಂಬತ್ತೆರಡು. ಅವಳು ಅವಕ್ಕೆ ಮಿಡತೆ ಎಂದೇ ಹೆಸರಿಟ್ಟಳು. “ನಿನ್ನ ಮಿಡತೆ ನನ್ನ ಕನ್ನಡಕದ ಮೇಲೆ ಕೂತಿದೆ ನೋಡೇ” ಎಂದು ಕೂಗುವಳು. ಕೂಗಿದರೂ, ಬಂದವರಿಗೆಲ್ಲ ಕಪಾಟು ತೋರಿಸುತ್ತಿದ್ದವಳೂ ಅವಳೇ.

ಇದೆಲ್ಲ ಹೀಗೇ ತಣ್ಣಗೆ ಸಾಗಿರುತ್ತಿತ್ತು, ಆ ಮುದುಕರಿಗೆ ಹಲ್ಲು ಬೇಕಾಗದೆ ಹೋಗಿದ್ದರೆ.

ಹೋದ ವರ್ಷದ ಆರಂಭದಲ್ಲಿ ಅವರು ಬಂದರು. ಎಪ್ಪತ್ತು ದಾಟಿದ ವಯಸ್ಸು, ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ ನೀರಿನ ಪಂಪು ರಿಪೇರಿ ಮಾಡುವ ಮೇಸ್ತ್ರಿ. ಬಾಯಲ್ಲಿ ಒಂದೂ ಹಲ್ಲಿಲ್ಲ, ಮಾತೂ ಅಷ್ಟಕ್ಕಷ್ಟೆ. ಮೇಣದ ಸೆಟ್ಟು ಬಾಯಿಗೆ ಸರಿಹೋಗುತ್ತದೆಯೇ ಎಂದು ನೋಡಲು ಇವಳ ಕೋಣೆಯ ಸ್ಟೂಲಿನ ಮೇಲೆ ಕೂತಿದ್ದರು. ಎದುರಿನ ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳ ನಡುವೆ ಕೆಂಪು ಗಾಡಿಯೊಂದು ಬಣ್ಣ ಒಣಗಿಸಿಕೊಳ್ಳುತ್ತಿತ್ತು. ಮುದುಕರು ಕತ್ತು ವಾರೆ ಮಾಡಿ ಅದರ ಇಂಜಿನ್ನನ್ನೇ ನೋಡಿದರು. ತುಂಬ ಹೊತ್ತು ನೋಡಿದರು.

“ಈ ಗಾಡಿ ಓಡಲ್ಲ” ಎಂದರು.

ಇವಳು ನಕ್ಕಳು. “ಇದು ಪ್ಲಾಸ್ಟಿಕ್ಕು ಯಜಮಾನ್ರೇ. ಓಡೋದಕ್ಕಲ್ಲ, ನೋಡೋದಕ್ಕೆ.”

“ನೋಡೋದಕ್ಕೂ ಓಡಲ್ಲ.”

ಇವಳಿಗೆ ಚುರುಕ್ಕೆಂದಿತು. ಮೂರು ವಾರದ ಕೆಲಸ ಅದು. “ಯಾಕೆ ಓಡಲ್ಲ?”

ಮುದುಕರು ಮೇಜಿನ ಮೇಲಿದ್ದ ಹಲ್ಲಿನ ಡಬ್ಬಿಯನ್ನು ಹತ್ತಿರ ಎಳೆದುಕೊಂಡು ಎಂಟು ಹಲ್ಲು ಆರಿಸಿದರು. ನಾಲ್ಕು ಈಚೆ, ನಾಲ್ಕು ಆಚೆ ಎರಡು ಸಾಲಿನಲ್ಲಿ ಇಟ್ಟರು. ಇಂಜಿನ್ನಿನಲ್ಲಿ ಹೀಗೆ ಎಂಟು ಸಿಲಿಂಡರು. ಎಂಟಕ್ಕೂ ಕಿಡಿ ಹಂಚುವ ಡಬ್ಬಿ ಒಂದೇ. ಅದರಿಂದ ಎಂಟು ವೈರು ಹೊರಡುತ್ತವೆ. ಇವಳು ಅಂದಕ್ಕೆಂದು ವೈರುಗಳನ್ನು ಸಾಲಾಗಿ ಒಂದರ ಪಕ್ಕ ಒಂದು ಸಿಕ್ಕಿಸಿದ್ದಳು. “ಕಿಡಿ ಸಾಲಾಗಿ ಹೋಗಲ್ಲ ತಾಯಿ” ಎಂದು ಅವರು ಬೆರಳಿನಿಂದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿದರು. “ಒಂದು. ಎಂಟು. ನಾಲ್ಕು. ಮೂರು. ಆರು. ಐದು. ಏಳು. ಎರಡು.” ಬೆರಳು ಈ ಸಾಲಿನಿಂದ ಆ ಸಾಲಿಗೆ ಕುಣಿದಾಡಿತು. “ಹೀಗೆ ಹೋದ್ರೇ ಅದು ಗುಡುಗೋದು.”

ಅವತ್ತು ಮನೆಗೆ ಬಂದವಳು ಕೈಕಾಲು ತೊಳೆಯುವ ಮೊದಲೇ ಕಪಾಟು ತೆಗೆದು ಒಂಬತ್ತೂ ಗಾಡಿಗಳ ವೈರು ಕಿತ್ತಳು.

“ಯಾರಿಗೆ ಗೊತ್ತಾಗುತ್ತೆ ಬಿಡೇ” ಎಂದೆ.

“ಅವರಿಗೆ ಗೊತ್ತಾಯ್ತಲ್ಲ!” ಎಂದಳು. ಮುಖ ಸಿಟ್ಟಿನದಲ್ಲ, ನಿಧಿ ಸಿಕ್ಕವರದು.

ಮುಂದಿನ ಸಲ ಮುದುಕರು ಒಂದು ಕವರು ಹಿಡಿದುಕೊಂಡು ಬಂದರು. ಒಳಗೆ ಒಂದೇ ಒಂದು ಫೋಟೊ. ಹಳದಿ ಮೈಗೆ ಕಪ್ಪು ಪಟ್ಟಿಗಳ ಉದ್ದನೆಯ ಗಾಡಿ, ಮೂಗಿನ ಮೇಲೆ ‘ಕಡಜ’ ಎಂದು ಬರೆದಿದೆ. ಹಿಂದಿನ ಚಕ್ರದ ಪಕ್ಕ ಮಂಡಿಯೂರಿ ಕೂತ ನಲವತ್ತರ ಗಂಡಸು ಅವರೇ. ಆಚೆ ಹೆಲ್ಮೆಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಬಾಯಗಲಿಸಿ ನಗುತ್ತಿರುವ ಹುಡುಗಿ. ಗಾಡಿ ಓಡಿಸುತ್ತಿದ್ದವಳು ಅವಳಂತೆ. ಹನ್ನೊಂದು ವರ್ಷ ಇವರು ಆ ತಂಡದ ಮೆಕ್ಯಾನಿಕ್ ಆಗಿದ್ದರು.

“ಇದರ ಕಿಟ್ ಎಲ್ಲೂ ಸಿಗಲ್ಲ” ಎಂದರು. “ಕಂಪನಿ ಗಾಡಿ ಅಲ್ಲ ಇದು. ತಗಡಿನ ಶೆಡ್ಡಲ್ಲಿ ನಾವೇ ಕಟ್ಟಿದ್ದು.”

ಇವಳು ಫೋಟೊದಿಂದ ಕಣ್ಣು ತೆಗೆಯದೆ, “ಹಾಗಾದ್ರೆ ಇನ್ನೊಂದ್ಸಲ ಕಟ್ಟೋಣ” ಎಂದಳು.

ಅಲ್ಲಿಂದ ಭಾನುವಾರದ ಬೆಳಿಗ್ಗೆಗಳು ಕಡಜಕ್ಕೆ ಮೀಸಲಾದವು. ಮೇಸ್ತ್ರಿ ಒಂಬತ್ತಕ್ಕೆ ಸರಿಯಾಗಿ ಬಾಗಿಲು ತಟ್ಟುವರು, ಹೊಸ ಹಲ್ಲಿನ ಸೆಟ್ಟು ಹಾಕಿಕೊಂಡು, ಪ್ರತಿ ಮಾತಿಗೂ ಅದನ್ನು ನಾಲಿಗೆಯಿಂದ ಸರಿಪಡಿಸಿಕೊಳ್ಳುತ್ತ. ಒಂದು ಕಿಟ್ಟಿನ ಚೌಕಟ್ಟು, ಇನ್ನೊಂದರ ಇಂಜಿನ್ನು. ಮೇಲುಮೈ ಮಾತ್ರ ಯಾವ ಕಿಟ್ಟಿನದೂ ಹೊಂದಲಿಲ್ಲ. ಇವಳು ಅದನ್ನು ಮೇಣದಲ್ಲಿ ಕೆತ್ತಿ, ಒಸಡು ಬೇಯಿಸುವ ಹಾಗೆಯೇ ಬೇಯಿಸಿ ತೆಗೆದಳು. ಕೋಣೆಯಲ್ಲಿದ್ದದ್ದು ಗುಲಾಬಿ ಅಕ್ರಿಲಿಕ್ ಒಂದೇ. ಹಾಗಾಗಿ ನಮ್ಮ ಮೇಜಿನ ಮೇಲೆ ಕಡಜ ಮೊದಲ ಸಲ ನಿಂತಾಗ ಒಸಡಿನ ಬಣ್ಣದಲ್ಲಿ ಥಳಥಳ ಹೊಳೆಯುತ್ತಿತ್ತು. ಅಮ್ಮ ಹತ್ತಿರ ಬಂದು ಬಗ್ಗಿ ನೋಡಿ, “ಇದು ಕಚ್ಚುತ್ತಾ?” ಎಂದಳು. ಮೇಸ್ತ್ರಿ ನಕ್ಕದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಹೊಸ ಸೆಟ್ಟು ಬಿದ್ದುಹೋಗದಂತೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ತೊಡಕು ಬಂದದ್ದು ಬಲಮಗ್ಗುಲಿನಲ್ಲಿ. ಫೋಟೊದಲ್ಲಿ ಕಾಣುತ್ತಿದ್ದದ್ದು ಎಡಗಡೆ ಮಾತ್ರ. ಬಲಗಡೆಯದು ಎಲ್ಲೂ ಇಲ್ಲ.

“ಕಣ್ಣು ಮುಚ್ಚಿ ಯಜಮಾನ್ರೇ” ಎಂದಳು ಇವಳು. “ಗಾಡಿ ಪಕ್ಕ ನಿಂತಿದ್ದೀರಿ ಅಂದ್ಕೊಳ್ಳಿ. ಕೈಯಿಂದ ಮುಟ್ಟಿ ತೋರಿಸಿ.”

ಮುದುಕರು ಕಣ್ಣು ಮುಚ್ಚಿದರು. ನಮ್ಮ ನಡುಕೋಣೆಯಲ್ಲಿ ಎರಡೂ ಕೈ ಗಾಳಿಯಲ್ಲಿ ಚಾಚಿದರು. ಮೊದಲು ಕೈ ಸ್ವಲ್ಪ ತಡವರಿಸಿತು. ಆಮೇಲೆ ತಾನಾಗಿ ಹೊರಟಿತು. “ಇಲ್ಲಿ ಪಂಪು. ಇಲ್ಲಿಂದ ಪೈಪು ಮೇಲೆ ಹೋಗುತ್ತೆ… ಇಲ್ಲಿ ಬಗ್ಗುತ್ತೆ. ಯಾಕಂದ್ರೆ ನಟ್ಟು ಬಿಗಿಯೋವಾಗ ಮೊಣಕೈ ತಗಲುತ್ತಿತ್ತು.” ಹೇಳುತ್ತ ಮೊಣಕೈಯನ್ನು ಚುರುಕಾಗಿ ಹಿಂದಕ್ಕೆ ಎಳೆದುಕೊಂಡರು, ನಿಜವಾಗಿಯೂ ಬಿಸಿ ತಗಲಿದವರ ಹಾಗೆ. ಅಲ್ಲಿ ಏನೂ ಇರಲಿಲ್ಲ. ಆದರೂ ಇತ್ತು! ಇವಳು ಟೇಪು ಹಿಡಿದು ಅವರ ಎರಡು ಕೈಗಳ ನಡುವಿನ ಅಂತರ ಅಳೆಯುವಳು, ನಾನು ಇಪ್ಪತ್ತೈದರಿಂದ ಭಾಗಿಸಿ ಕೂಗುವೆ, ಇವಳು ಬರೆದುಕೊಳ್ಳುವಳು. ಎರಡು ಗಂಟೆಯಲ್ಲಿ ಇಡೀ ಬಲಮಗ್ಗುಲು ಕಾಗದದ ಮೇಲೆ ಇಳಿಯಿತು.

“ಇಲ್ಲೊಂದು ತೇಪೆ ಇದೆ” ಎಂದರು ಕೊನೆಗೆ, ಡ್ರೈವರ್ ಸೀಟಿನ ಹಿಂದಿನ ಜಾಗಕ್ಕೆ ಅಂಗೈ ಊರಿ. “ಅಂಗೈ ಅಗಲದ್ದು. ಹನ್ನೊಂದು ರಿವೆಟ್ಟು ಮೊಳೆ. ಒಂದು ಸೊಟ್ಟ.”

“ಏನಾಗಿತ್ತು?”

“ನಾನೇ ಒದ್ದಿದ್ದೆ. ಆ ಹುಡುಗಿ ನಿದ್ದೆ ಮಾಡ್ಕೊಂಡು ತಡವಾಗಿ ಬಂದಿದ್ದಳು. ಅವಳನ್ನ ಒದೆಯೋಕಾಗುತ್ತಾ? ಗಾಡೀನ ಒದ್ದೆ. ಆಮೇಲೆ ಇಬ್ಬರೂ ಸೇರಿ ಯಾರಿಗೂ ಕಾಣದ ಹಾಗೆ ಬಣ್ಣ ಬಳಿದ್ವಿ.”

ಇನ್ನು ಉಳಿದದ್ದು ಡ್ರೈವರಿನ ಗೂಡು. ಸ್ಟಿಯರಿಂಗಿನ ಮುಂದೆ ಆ ಹುಡುಗಿ ಏನೋ ಒಂದನ್ನು ಅಂಟಿಸಿಕೊಂಡಿದ್ದಳಂತೆ. ಯಾರೇ ಬಗ್ಗಿ ನೋಡಲು ಹೋದರೂ ಕೈ ಅಡ್ಡ ಇಡುತ್ತಿದ್ದಳಂತೆ. “ಅದೇನೋ ನನಗೆ ಗೊತ್ತಿಲ್ಲ” ಎಂದರು ಮೇಸ್ತ್ರಿ.

“ಅವರನ್ನೇ ಕೇಳೋಣ” ಎಂದಳು ಇವಳು, ಬಹಳ ಸಹಜವಾಗಿ.

ಮೇಸ್ತ್ರಿ ಎದ್ದು ನಿಂತರು. ಟೋಪಿ ಕೈಗೆ ತೆಗೆದುಕೊಂಡರು. ಹೋಗಲಿಲ್ಲ, ಬಾಗಿಲಿನ ಹತ್ತಿರ ನಿಂತೇ ಹೇಳಿದರು. ಕೊನೆಯ ರೇಸು ಅದು. ಅವಳು ಗೆದ್ದಳು. ಗೆದ್ದು ಗೆರೆ ದಾಟಿದ ಮೇಲೆ ಹಿಂದಿನ ಛತ್ರಿ ಬಿಚ್ಚಲಿಲ್ಲ. ಗಾಡಿ ದಾರಿಯ ಕೊನೆಯ ಮರಳಿಗೆ ನುಗ್ಗಿ ಮೂರು ಪಲ್ಟಿ ಹೊಡೆಯಿತು. ಅವಳ ಕಾಲು ಮುರಿಯಿತು, ಹೆಗಲಿನ ಮೂಳೆ ಮುರಿಯಿತು. ಮತ್ತೆ ಎಂದೂ ರೇಸಿಗೆ ಇಳಿಯಲಿಲ್ಲ.

“ಆ ಛತ್ರಿ ಮಡಿಸಿ ಇಟ್ಟಿದ್ದು ಈ ಕೈ” ಎಂದರು. “ಆಸ್ಪತ್ರೆ ಬಾಗಿಲ ತನಕ ಹೋದೆ. ಒಳಗೆ ಹೋಗೋಕೆ ಕಾಲು ಬರಲಿಲ್ಲ. ಟೂಲ್ ಬಾಕ್ಸ್ ತಗೊಂಡು ಊರು ಬಿಟ್ಟೆ. ಮೂವತ್ತೊಂದು ವರ್ಷ ಆಯ್ತು. ಅವಳನ್ನ ಏನೂ ಕೇಳ್ಬೇಡಿ ತಾಯಿ.”

ಮುಂದಿನ ಎರಡು ಭಾನುವಾರ ಅವರು ಬರಲಿಲ್ಲ.

ನನ್ನ ಹೆಂಡತಿಗೆ ಒಂದು ಕೆಲಸ ಅರ್ಧಕ್ಕೆ ನಿಂತರೆ ಕೂತಲ್ಲಿ ಕೂರಲಾಗದು. ಹಳದಿ ಬಣ್ಣ ಹಚ್ಚಿದಳು, ಕಪ್ಪು ಪಟ್ಟಿ ಎಳೆದಳು, ಹನ್ನೊಂದು ರಿವೆಟ್ಟುಗಳನ್ನು ಸೂಜಿಯ ಮೊನೆಯಿಂದ ಕೂರಿಸಿ ಒಂದನ್ನು ಬೇಕೆಂದೇ ಸೊಟ್ಟ ಮಾಡಿದಳು. ಡ್ರೈವರಿನ ಗೂಡು ಮಾತ್ರ ಖಾಲಿ. ಅದನ್ನು ನೋಡುವಳು, ನನ್ನನ್ನು ನೋಡುವಳು. ಮತ್ತೆ ಅದನ್ನು ನೋಡುವಳು.

“ಏನು?” ಎಂದೆ.

“ನೀವು ಡ್ರೈವರಲ್ವಾ? ಡ್ರೈವರಿಗೆ ಡ್ರೈವರ್ ಗೊತ್ತಿರಲ್ವಾ?”

ಡಿಪೋದಲ್ಲಿ ವಿಚಾರಿಸಿದೆ. ನಾಲ್ಕನೇ ದಿನಕ್ಕೆ ಸುಳಿವು ಸಿಕ್ಕಿತು. ಐದು ಗಂಟೆ ದಾರಿಯ ಊರಿನಲ್ಲಿ ಒಬ್ಬರು ಹೆಂಗಸು ಡ್ರೈವಿಂಗ್ ಶಾಲೆ ನಡೆಸುತ್ತಾರೆ, ಒಂದು ಕಾಲು ಸ್ವಲ್ಪ ಎಳೆಯುತ್ತಾರೆ, ವೇಗವಾಗಿ ಓಡಿಸಿದ ವಿದ್ಯಾರ್ಥಿಗೆ ಕಿವಿ ಹಿಂಡುತ್ತಾರೆ ಎಂದು ಅವರ ಹತ್ತಿರ ಕಲಿತು ಬಂದ ಹೊಸ ಡ್ರೈವರೊಬ್ಬ ಹೇಳಿದ. ನಂಬರನ್ನೂ ಕೊಟ್ಟ.

ಅಡುಗೆಮನೆಯಲ್ಲಿ ನಿಂತು ಇವಳು ಫೋನ್ ಹಚ್ಚಿದಳು. ನಾನೂ ಅಮ್ಮನೂ ಎರಡು ಕಡೆಯಿಂದ ಕಿವಿ ಒಡ್ಡಿದೆವು.

“ನಮಸ್ಕಾರ. ಕಡಜದಲ್ಲಿ ಸ್ಟಿಯರಿಂಗ್ ಮುಂದೆ ಏನು ಅಂಟಿಸಿಕೊಂಡಿದ್ರಿ?”

ಅಷ್ಟೇ. ಯಾರು, ಎತ್ತ ಒಂದೂ ಇಲ್ಲ. ಆಚೆಯಿಂದ ದಪ್ಪ ದನಿಯೊಂದು, “ಯಾರು ನೀವು?” ಎಂದಿತು.

“ನಾನು ಹಲ್ಲು ಕಟ್ಟೋಳು.”

“ಏನು?”

ಇವಳು ಮೊದಲಿನಿಂದ ಹೇಳಿದಳು. ಕೆಂಪು ಗಾಡಿ, ಎಂಟು ಹಲ್ಲು, ಫೋಟೊ, ಕಣ್ಣು ಮುಚ್ಚಿ ತೋರಿಸಿದ ಬಲಮಗ್ಗುಲು, ಎಲ್ಲ. ತೇಪೆಯ ಮಾತು ಬಂದಾಗ ಆಚೆಯವರು ತಡೆದರು.

“ಎಷ್ಟು ರಿವೆಟ್ಟು?”

“ಹನ್ನೊಂದು. ಒಂದು ಸೊಟ್ಟ.”

ಮೂಗೆಳೆದುಕೊಂಡ ಸದ್ದು ಕೇಳಿತು. ಅಳುವೋ ನಗುವೋ ತಿಳಿಯಲಿಲ್ಲ. “ಅಣ್ಣ ಬದುಕಿದ್ದಾರೆ! ಎಲ್ಲೆಲ್ಲಿ ಹುಡುಕಿಸಿದ್ದೆ… ಭಾನುವಾರ ಬರ್ತೀನಿ. ಅವರಿಗೆ ಮಾತ್ರ ಹೇಳ್ಬೇಡಿ, ಮತ್ತೆ ಓಡಿಹೋಗ್ತಾರೆ.”

ಮೇಸ್ತ್ರಿಯನ್ನು ಕರೆಸುವುದು ಹೇಗೆ? ನನ್ನ ಹೆಂಡತಿ ಸುಳ್ಳು ಹೇಳುವವಳಲ್ಲ. ಆ ವಾರ ಹೇಳಿದಳು. ಪಂಪಿನ ಅಂಗಡಿಗೆ ತಾನೇ ಹೋಗಿ, “ನಿಮ್ಮ ಕೆಳಗಿನ ಸೆಟ್ಟಲ್ಲಿ ಒಂದು ಕಡೆ ಏರಿದೆ, ತೀಡದೆ ಬಿಟ್ಟರೆ ಹುಣ್ಣಾಗುತ್ತೆ, ಭಾನುವಾರ ಮನೆಗೇ ಬನ್ನಿ” ಎಂದು ಮುಖ ಗಂಟಿಕ್ಕಿಕೊಂಡು ಹೇಳಿ ಬಂದಳು.

ಭಾನುವಾರ ಬೆಳಿಗ್ಗೆ ಎಂಟೂವರೆಗೆ ನಮ್ಮ ಬೀದಿಗೆ ಕಲಿಯುವವರ ಫಲಕ ಹಾಕಿದ ಬಿಳಿ ಕಾರು ಬಂದು ನಿಂತಿತು. ಇಳಿದವರಿಗೆ ಅರವತ್ತರ ಹತ್ತಿರ. ಗಿಡ್ಡ ಬಿಳಿ ಕೂದಲು, ಎಡಗಾಲು ಸ್ವಲ್ಪ ಎಳೆತ, ಫೋಟೊದ ಅದೇ ಅಗಲ ಬಾಯಿ. ನನ್ನ ಹೆಂಡತಿ ಬಾಗಿಲಲ್ಲೇ ನನ್ನ ಕಡೆ ತಿರುಗಿ, “ಮುಂದಿನ ಎರಡು ಹಲ್ಲು ಅವೇ” ಎಂದು ಪಿಸುಗುಟ್ಟಿದಳು.

ಆ ಹೆಂಗಸು ನೇರ ಮೇಜಿನ ಹತ್ತಿರ ಹೋದರು. ಒಂದು ಅಡಿ ಉದ್ದದ ಕಡಜ ಅಲ್ಲಿ ನಿಂತಿತ್ತು. ಮಂಡಿ ಮಡಿಸಲಾಗದೆ, ಮೇಜಿಗೆ ಎರಡೂ ಕೈ ಊರಿ ಬಗ್ಗಿದರು. ಸುತ್ತು ಬಂದು ಬಲಗಡೆ ನಿಂತರು. ತೋರುಬೆರಳಿನ ತುದಿಯನ್ನು ತೇಪೆಯ ಮೇಲೆ ಇಟ್ಟರು.

“ಆ ಒದೆತ ನನಗೆ ಬೀಳಬೇಕಾಗಿದ್ದು” ಎಂದು ನಕ್ಕರು. ನಗುತ್ತಿದ್ದಂತೆಯೇ ಕಣ್ಣು ತುಂಬಿತು.

ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಅಮ್ಮ ಹೋಗಿ ತೆಗೆದಳು. ಮೇಸ್ತ್ರಿ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡೇ ಬಂದಿದ್ದರು. ನಡುಕೋಣೆಯ ಹೊಸ್ತಿಲ ಹತ್ತಿರ ಬಂದವರು ಅಲ್ಲೇ ನೆಟ್ಟಗಾದರು.

“ಅಣ್ಣಾ” ಎಂದರು ಆಕೆ.

ಮೇಸ್ತ್ರಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. “ಛತ್ರಿ…” ಎಂದರು.

“ಛತ್ರಿ ನಾನು ಎಳೀಲೇ ಇಲ್ಲ ಅಣ್ಣ.”

ಒಲೆಯ ಮೇಲಿನ ಕೆಟಲ್ ಕುದಿಯುತ್ತಿದ್ದದ್ದು ನನಗೆ ಕೇಳಿಸಿತು.

“ಗೆರೆ ದಾಟಿದೆ. ಪಕ್ಕಕ್ಕೆ ನೋಡಿದೆ. ಯಾರೂ ಇಲ್ಲ! ನಾನೇ ಗೆದ್ದಿದ್ದೆ! ಎರಡೂ ಕೈ ಮೇಲೆತ್ತಿ ಕೂಗ್ದೆ ನೋಡಿ, ಹಿಡಿ ಎಳೀಬೇಕು ಅನ್ನೋದೇ ತಲೆಯಿಂದ ಹಾರಿಹೋಯ್ತು. ನೆನಪಾಗೋ ಹೊತ್ತಿಗೆ ಬಾಯಲ್ಲಿ ಮರಳಿತ್ತು. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಮೊದಲು ಕೇಳಿದ್ದು ನಿಮ್ಮನ್ನೇ. ಹೊರಟುಹೋದ್ರು ಅಂದ್ರು. ಗಾಡಿ ಹಾಳು ಮಾಡಿದೆ ಅಂತ ಸಿಟ್ಟಾಗಿ ಹೋದ್ರು ಅಂದ್ಕೊಂಡೆ.”

“ನಾನು ಸಿಟ್ಟಾಗಿ…” ಎಂದು ಮೇಸ್ತ್ರಿ ತಡವರಿಸಿದರು. “ನಾನಾ?”

“ಸ್ಟಿಯರಿಂಗ್ ಮುಂದೆ ಏನಿತ್ತು ಅಂತ ಕೇಳಿದ್ರಲ್ಲ” ಎಂದು ಆಕೆ ನನ್ನ ಹೆಂಡತಿಯ ಕಡೆ ತಿರುಗಿದರು. “ಒಂದು ಚೀಟಿ. ‘ಛತ್ರಿ ಮರೀಬೇಡ ಮಂಕೇ’ ಅಂತ ನಾನೇ ಬರೆದಿದ್ದೆ. ಪ್ರಾಕ್ಟೀಸಲ್ಲಿ ಎರಡು ಸಲ ಮರೆತು ಬ್ರೇಕಿನ ಮೇಲೇ ನಿಲ್ಲಿಸಿದ್ದೆ. ಅಣ್ಣ ನೋಡಿದ್ರೆ ನನ್ನ ಗಾಡಿ ಹತ್ತೋಕೇ ಬಿಡ್ತಿರ್ಲಿಲ್ಲ. ಆ ದಿನ ಗಾಳಿಗೆ ಹಾರಿ ಹೋಗಿತ್ತು ಹಾಳಾದ್ದು.”

ಮೇಸ್ತ್ರಿ ಮೆಲ್ಲಗೆ ಕುರ್ಚಿಗೆ ಕುಸಿದರು. ಅವರ ಭುಜ ಅಲುಗತೊಡಗಿತು. ನಾನು ಅಳುತ್ತಿದ್ದಾರೆಂದುಕೊಂಡೆ. ನೋಡಿದರೆ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಗುತ್ತಿದ್ದರು. “ಮಂಕೇ! ಮಂಕೇ!” ಎಂದು ಮಂಡಿ ಬಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವ ತನಕ ನಕ್ಕರು. ಆಕೆಯೂ ನಕ್ಕರು. ಏನೆಂದು ಪೂರ್ತಿ ಕೇಳಿಸದಿದ್ದರೂ ಅಮ್ಮನೂ ಸೇರಿಕೊಂಡಳು. ನನ್ನ ಹೆಂಡತಿ ಮಾತ್ರ ಆಗಲೇ ಭೂತಗನ್ನಡಿ ಹಾಕಿಕೊಂಡು, ಅಕ್ಕಿಕಾಳಿನಷ್ಟು ಕಾಗದ ಕತ್ತರಿಸಿ, ಒಂದೇ ಕೂದಲಿನ ಕುಂಚದಿಂದ ಆ ಮೂರು ಪದ ಬರೆಯಲು ಕೂತಿದ್ದಳು. ಉಸಿರು ಬಿಗಿಹಿಡಿದು ಬರೆದಳು. ಚಿಮುಟದಿಂದ ಎತ್ತಿ ಸ್ಟಿಯರಿಂಗಿನ ಮುಂದೆ ಕೂರಿಸಿದಳು. ಕಡಜ ಮುಗಿಯಿತು.

ಆದರೆ ದಿನ ಮುಗಿಯಲಿಲ್ಲ. ಆಕೆ ಕಾರಿನಿಂದ ಒಂದು ಕ್ಯಾನ್ವಾಸ್ ಚೀಲ ತಂದು ಮೇಸ್ತ್ರಿಯ ಮಡಿಲಲ್ಲಿ ಇಟ್ಟರು. ಮೇಲೆ ಮಾಸಿದ ಕಪ್ಪು ಪಟ್ಟಿ. ಮೇಸ್ತ್ರಿ ಅದರ ಗಂಟು ಮುಟ್ಟಿದ ಕೂಡಲೇ ಕೈ ಹಿಂದೆಗೆದರು.

“ಇದು ನನ್ನ ಗಂಟು.”

“ನಿಮ್ಮದೇ. ಗಾಡಿ ಗುಜರಿಗೆ ಹೋಗೋವಾಗ ಛತ್ರಿ ತೆಗೆದಿಟ್ಕೊಂಡೆ. ಅವತ್ತಿಂದ ಯಾರೂ ಬಿಚ್ಚಿಲ್ಲ.” ಆಕೆ ಹೊರಗಿನ ಕಾರಿನ ಕಡೆ ಕೈ ತೋರಿ, “ಬಿಚ್ಚೋಣ್ವಾ? ಓಡಿಸ್ತಾ?” ಎಂದರು.

ಮುದುಕರ ಮುಖದ ನಗು ಇಂಗಿತು. “ಮೂವತ್ತೊಂದು ವರ್ಷದ ಬಟ್ಟೆ. ಹರಿದುಹೋಗುತ್ತೆ.”

“ಹರಿದ್ರೆ ಹರೀಲಿ.”

“ಬಿಚ್ಕೊಳ್ದೇ ಹೋದ್ರೆ?”

ಅದಕ್ಕೆ ಉತ್ತರ ಕೊಟ್ಟವಳು ನನ್ನ ಹೆಂಡತಿ. “ಬಿಚ್ಕೊಳ್ಳುತ್ತೆ ಯಜಮಾನ್ರೇ. ಕಣ್ಣು ಮುಚ್ಚಿ ಪೈಪಿನ ಬಾಗು ಹೇಳಿದ ಕೈ ಅದು. ಏಳಿ!”

ಡಿಪೋದ ಹಿಂದೆ ಹೊಸ ಡ್ರೈವರುಗಳ ಪರೀಕ್ಷೆಗೆಂದು ಹಾಕಿದ ನೇರ ರಸ್ತೆ ಇದೆ. ಭಾನುವಾರ ಅಲ್ಲಿ ನರಪಿಳ್ಳೆ ಇರುವುದಿಲ್ಲ. ಕಾವಲುಗಾರನಿಗೆ ನಾನು ಏನು ಹೇಳಿದೆನೋ ನನಗೇ ನೆನಪಿಲ್ಲ, ಅಂತೂ ಗೇಟು ತೆಗೆಸಿದೆ. ಮೇಸ್ತ್ರಿ ತಾವೇ ನೆಲಕ್ಕೆ ಕೂತು ಚೀಲವನ್ನು ಕಾರಿನ ಹಿಂದಿನ ಕೊಕ್ಕೆಗೆ ಕಟ್ಟಿದರು. ಬಿಚ್ಚುವ ಹಗ್ಗವನ್ನು ಕಿಟಕಿಯಿಂದ ಒಳಗೆ ತಂದರು. ಗಂಟುಗಳು ಒಂದೂ ತಪ್ಪಲಿಲ್ಲ. ಆಕೆ ಸ್ಟಿಯರಿಂಗಿಗೆ, ಮೇಸ್ತ್ರಿ ಪಕ್ಕಕ್ಕೆ. ನಾವು ಮೂವರು ರಸ್ತೆಯ ಅರ್ಧದಲ್ಲಿ ನಿಂತೆವು, ಅಮ್ಮ ಮಡಚುವ ಕುರ್ಚಿಯಲ್ಲಿ. ನನ್ನ ಹೆಂಡತಿ ನನ್ನ ತೋಳು ಹಿಡಿದದ್ದು ಎಷ್ಟು ಬಿಗಿಯಾಗಿತ್ತೆಂದರೆ ಮರುದಿನವೂ ಬೆರಳಿನ ಗುರುತು ಇತ್ತು.

ಕಾರು ಹೊರಟಿತು. ಪಾಪ, ಕಲಿಯುವವರ ಕಾರು. ಅದಕ್ಕೆ ಇಂಥದ್ದು ಅಭ್ಯಾಸವಿಲ್ಲ. ನಲವತ್ತು, ಅರವತ್ತು, ಎಂಬತ್ತು ಆಗಿರಬೇಕು. ಇಂಜಿನ್ನು ಕಿರುಚಿಕೊಂಡಿತು. ನಮ್ಮ ಮುಂದೆ ಹಾದುಹೋಗುವಾಗ ತೆರೆದ ಕಿಟಕಿಯಿಂದ ಮೇಸ್ತ್ರಿಯ ದನಿ ಕೇಳಿಸಿತು: “ಎಳಿ! ಎಳಿಯೇ! ಎಳಿ ಮಂಕೇ!”

ಎಳೆದರು.

ಮೊದಲು ಏನೂ ಆಗಲಿಲ್ಲ. ಚೀಲದಿಂದ ಮುದ್ದೆಯಾದ ಬಟ್ಟೆಯೊಂದು ಹಿಂದಕ್ಕೆ ಚೆಲ್ಲಿತು, ಹಗ್ಗ ಉದ್ದಕ್ಕೆ ನಿಮಿರಿತು. ಇವಳ ಉಗುರು ನನ್ನ ತೋಳಿಗೆ ಇಳಿಯಿತು. ಆಮೇಲೆ ಫಟ್ಟೆಂದು ಒಂದು ಸದ್ದು! ಹಳದಿ ಛತ್ರಿ ರಸ್ತೆಯ ಅಗಲಕ್ಕೂ ಅರಳಿ ನಿಂತಿತು. ಒಂದು ಮಡಿಕೆ ಸಿಕ್ಕಿಕೊಂಡಿಲ್ಲ, ಒಂದು ಹೊಲಿಗೆ ಬಿಟ್ಟಿಲ್ಲ. ಕಾರು ಹಿಂದಿನಿಂದ ಯಾರೋ ಹಿಡಿದು ಜಗ್ಗಿದಂತೆ ಮುಗ್ಗರಿಸಿ ನಿಧಾನವಾಯಿತು.

“ಅರಳ್ತು! ಅರಳ್ತು ಕಣ್ರೀ! ಅರಳ್ತು!” ನನ್ನ ಹೆಂಡತಿ ನನ್ನನ್ನು ಬಿಟ್ಟು ಓಡಿದಳು. ಐವತ್ತರ ಹೆಂಗಸು, ಚಪ್ಪಲಿ ಒಂದು ಕಡೆ, ತಾನೊಂದು ಕಡೆ. ಅಮ್ಮ ಕುರ್ಚಿಯಿಂದ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಕಾವಲುಗಾರನೂ ಶಿಳ್ಳೆ ಹಾಕಿದ. ನಾನೂ ಏನೋ ಕೂಗಿದೆ. ಏನೆಂದು ಕೇಳಬೇಡಿ.

ನಾವು ಹತ್ತಿರ ಹೋಗುವ ಹೊತ್ತಿಗೆ ಮೇಸ್ತ್ರಿ ಇಳಿದು ರಸ್ತೆಯ ಮೇಲೆ ಹರಡಿಬಿದ್ದ ಬಟ್ಟೆಯ ನಡುವೆ ನಿಂತಿದ್ದರು. ಅದರ ಒಂದು ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಹೊಲಿಗೆಯನ್ನು ಬೆರಳಿನಿಂದ ಸವರುತ್ತಿದ್ದರು. ಆಕೆ ಬಂದು ಇನ್ನೊಂದು ಅಂಚು ಹಿಡಿದರು. ಇಬ್ಬರೂ ಮಡಿಸತೊಡಗಿದರು.

ನನ್ನ ಹೆಂಡತಿ ಏದುಸಿರು ಬಿಡುತ್ತ ನಡುವೆ ನುಗ್ಗಿದಳು. “ನಿಲ್ಲಿ, ನಿಲ್ಲಿ! ಮೊದಲನೇ ಮಡಿಕೆ ಯಾವ ಕಡೆಗೆ? ನಿಧಾನ ಮಾಡಿ ತೋರಿಸಿ. ಕಡಜಕ್ಕೆ ಅಂಗೈಯಗಲದ್ದು ಒಂದು ಮಾಡ್ತೀನಿ.”

“ಅಷ್ಟು ಚಿಕ್ಕದು ಗಾಳಿ ಹಿಡಿಯಲ್ಲ ತಾಯಿ” ಎಂದರು ಮೇಸ್ತ್ರಿ.

“ಯಾಕೆ ಹಿಡಿಯಲ್ಲ? ಬಟ್ಟೆ ತೆಳು ಇರಬೇಕು ಅಷ್ಟೆ.”

“ಹಗ್ಗ ಎಷ್ಟು ಎಳೆ ಅಂತ ಗೊತ್ತಾ?”

“ಹೇಳಿ, ಬರ್ಕೋತೀನಿ” ಎಂದು ಅವಳು ನನ್ನ ಕಡೆ ಕೈ ಚಾಚಿದಳು. ನಾನು ಜೇಬಿನಿಂದ ಪೆನ್ನು ತೆಗೆದುಕೊಟ್ಟೆ.